ಕಲ್ಲಿದ್ದಲು ಬಿಟ್ಟು ಸೋಲಾರ್ ಕಡೆ ಹೋಗೋದು ಅಷ್ಟು ಸುಲಭವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ ದಿನದಿಂದ ನಾನು ಬೀದಿಗೇ ಕರೆಂಟಿನ ಪಂಡಿತ ಆಗಿಬಿಟ್ಟಿದ್ದೇನೆ. ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಕೇಳುವುದು ಇದನ್ನೇ. ಒಬ್ಬರಿಗೆ ಸೋಲಾರ್ ಅಂದರೆ ಎಲ್ಲ ಕಷ್ಟಕ್ಕೂ ಮದ್ದು, ಇನ್ನೊಬ್ಬರಿಗೆ ಶುದ್ಧ ಮೋಸ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಓದಿ, ನೋಡಿ ತಿಳಿದ ಮಟ್ಟಿಗೆ ಹೆಚ್ಚಿನ ದೇಶಗಳು ಎಡವಿರುವುದು ಕೆಲಸದ ಹಿಂದುಮುಂದಿನಲ್ಲಿ. ಮೊದಲು ಆಗಬೇಕಾದ್ದು ಆಮೇಲೆ ಆಗುತ್ತದೆ, ಆಮೇಲೆ ಆಗಬೇಕಾದ್ದು ಮೊದಲು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರಾಗಬೇಡಿ.

ಭಾರತ ಏನಂತ ಮಾತು ಕೊಟ್ಟಿದೆ?

2021ರ ನವೆಂಬರಿನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು 2070ಕ್ಕೆ 'ನೆಟ್ ಜೀರೊ' ಎಂದು ಘೋಷಿಸಿದರು. ಗಾಳಿಗೆ ಬಿಡುವ ಇಂಗಾಲಕ್ಕೂ ಹೀರಿಕೊಳ್ಳುವ ಇಂಗಾಲಕ್ಕೂ ಲೆಕ್ಕ ಚುಕ್ತಾ ಆಗಬೇಕು, ಅಷ್ಟೇ ಅದರ ಅರ್ಥ. ಅದಕ್ಕೆ ಮೊದಲು ಒಂದು ಮೈಲಿಗಲ್ಲಿದೆ: 2030ಕ್ಕೆ ಸೋಲಾರ್, ಗಾಳಿ, ನೀರು, ಅಣು ಎಲ್ಲ ಸೇರಿ 500 ಗಿಗಾವ್ಯಾಟ್ ಸಾಮರ್ಥ್ಯ. ಒಂದು ಗಿಗಾವ್ಯಾಟ್ ಅಂದರೆ 1,000 ಮೆಗಾವ್ಯಾಟ್. ಅಂದಾಜಿಗೆ ಹೇಳಬೇಕೆಂದರೆ ಶಕ್ತಿನಗರದ ರಾಯಚೂರು ಥರ್ಮಲ್ (ಕಲ್ಲಿದ್ದಲು ಉರಿಸುವ) ಕೇಂದ್ರ ಇಡಿಯಾಗಿ 1,720 ಮೆಗಾವ್ಯಾಟ್.

2025ರಲ್ಲೇ ಅರ್ಧ ಮುಟ್ಟಿದ್ದೇವೆ ಅಂತ ಪೇಪರ್‌ನಲ್ಲಿ ಬಂದಿತ್ತು. ಹಾಗಾದ್ರೆ ಅರ್ಧ ಕೆಲಸ ಮುಗೀತಲ್ವಾ?

ಇಲ್ಲ. ಕೊಟ್ಟಿಗೆಯಲ್ಲಿ ಎಷ್ಟು ಹಸು ಇವೆ ಅನ್ನುವುದು ಒಂದು ಲೆಕ್ಕ, ದಿನಕ್ಕೆ ಎಷ್ಟು ಹಾಲು ಕರೆಯುತ್ತೇವೆ ಅನ್ನುವುದು ಇನ್ನೊಂದು. ಪೇಪರ್‌ನಲ್ಲಿ ಬಂದದ್ದು ಹಸುವಿನ ಲೆಕ್ಕ. ದೇಶದಲ್ಲಿ ಸ್ಥಾಪಿಸಿರುವ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದ್ದು. ಅದು ನಿಜವಾಗಿಯೂ ದೊಡ್ಡ ಸಾಧನೆ, ಐದು ವರ್ಷ ಮುಂಚೆಯೇ ಆಗಿದೆ. ಆದರೆ ಸೋಲಾರ್ ಪ್ಯಾನೆಲ್ ರಾತ್ರಿಯೆಲ್ಲ ಸುಮ್ನೆ ಕೂತಿರುತ್ತದೆ, ಮೋಡ ಕವಿದ ದಿನ ಅರೆಬರೆ ಕೆಲಸ ಮಾಡುತ್ತದೆ. ಹಾಗಾಗಿ ತಂತಿಯಲ್ಲಿ ಹರಿಯುವ ಯೂನಿಟ್ ಲೆಕ್ಕ ಹಾಕಿದರೆ ಇವತ್ತಿಗೂ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ದೇಶದ ಕಲ್ಲಿದ್ದಲು ಉತ್ಪಾದನೆ 2024-25ರಲ್ಲಿ 100 ಕೋಟಿ ಟನ್ ದಾಟಿತು.

ಇನ್ನೊಂದು ವಿಷಯ. ಕರೆಂಟು ಅಂದರೆ ಇಂಧನದ ಒಂದು ಭಾಗ ಮಾತ್ರ. ಲಾರಿಗೆ ಹಾಕುವ ಡೀಸೆಲ್, ಅಡುಗೆ ಗ್ಯಾಸ್, ಉಕ್ಕಿನ ಕುಲುಮೆಗೆ ಹಾಕುವ ಕೋಕ್ ಈ ಲೆಕ್ಕದೊಳಗೆ ಬಂದೇ ಇಲ್ಲ.

ಸೂರ್ಯ ಮುಳುಗಿದ ಮೇಲೆ ಏನು ಮಾಡ್ತಾರೆ?

ಎಲ್ಲರೂ ಕೇಳುವ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೂ ಹೌದು.

ಕರ್ನಾಟಕದ ಒಂದು ಬೇಸಿಗೆ ದಿನ ನೋಡೋಣ. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡದಿಂದ ಹಿಡಿದು ಕಲಬುರಗಿವರೆಗೆ ಪ್ಯಾನೆಲ್‌ಗಳು ಭರ್ತಿ ಕೆಲಸ ಮಾಡುತ್ತಿರುತ್ತವೆ. ಹೊಲದ ಪಂಪ್‌ಸೆಟ್‌ಗಳಿಗೂ ಆಗಲೇ ತ್ರೀ ಫೇಸ್ ಬಿಟ್ಟರೆ ಆ ಕರೆಂಟು ವ್ಯರ್ಥವಾಗುವುದಿಲ್ಲ. ಶಿರಾ ಕಡೆ ನಮ್ಮ ದೊಡ್ಡಪ್ಪ ಮೊದಲೆಲ್ಲ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವಿಗೆ ಹೆದರಿಕೊಂಡು, ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತುತ್ತಿದ್ದರು. ಈಗ ಅವರ ಫೀಡರ್‌ಗೆ ಹಗಲು ಕರೆಂಟು. 'ಸೋಲಾರ್ ಏನೋ ಎಂತೋ ಗೊತ್ತಿಲ್ಲ ಮಗಾ, ರಾತ್ರಿ ನಿದ್ದೆ ಬರ್ತಿದೆ' ಅನ್ನುತ್ತಾರೆ.

ಸಂಜೆ ಆರಕ್ಕೆ ಚಿತ್ರ ತಿರುಗಿಬಿಡುತ್ತದೆ. ಸೋಲಾರ್ ಒಂದೆರಡು ಗಂಟೆಯೊಳಗೆ ಸೊನ್ನೆಗೆ ಬರುತ್ತದೆ. ಅದೇ ಹೊತ್ತಿಗೆ ಮನೆ ಮನೆಯಲ್ಲಿ ಲೈಟು, ಫ್ಯಾನು, ಟಿವಿ, ಎಸಿ ಎಲ್ಲ ಶುರು. ಆ ಇಳಿಜಾರಿಗೂ ಈ ಏರಿಗೂ ಮಧ್ಯೆ ಬೀಳುವ ಹಳ್ಳವನ್ನು ಯಾರಾದರೂ ತುಂಬಬೇಕು. ಜಲವಿದ್ಯುತ್ ಕೇಂದ್ರ ನಿಮಿಷಗಳಲ್ಲಿ ತುಂಬಬಲ್ಲದು. ಕಲ್ಲಿದ್ದಲಿನ ಘಟಕಕ್ಕೆ ಅದು ಕಷ್ಟ. ಅದು ಸೌದೆ ಒಲೆ ಇದ್ದ ಹಾಗೆ, ಗ್ಯಾಸ್ ಒಲೆಯ ಕಿವಿ ಹಿಂಡಿದ ಹಾಗೆ ಏರಿಸಿ ಇಳಿಸಲು ಆಗುವುದಿಲ್ಲ. ಬೇಡ ಅಂತ ಮಧ್ಯಾಹ್ನ ಪೂರ್ತಿ ಆರಿಸಿದರೆ ಸಂಜೆಗೆ ಹೊತ್ತುವುದಿಲ್ಲ. ಅದಕ್ಕೇ ಪೂರ್ತಿ ಸಾಮರ್ಥ್ಯದ ಶೇ 55ರಷ್ಟು ಉರಿಯಲ್ಲಿ ಇಟ್ಟುಕೊಳ್ಳುವುದು ರೂಢಿ. 2023ರಲ್ಲಿ ಬಂದ ಕೇಂದ್ರದ ನಿಯಮ ಇದನ್ನು ಹಂತಹಂತವಾಗಿ ಶೇ 40ಕ್ಕೆ ಇಳಿಸಿ ಎನ್ನುತ್ತದೆ. ದಿನಾ ಹೀಗೆ ಏರಿಸಿ ಇಳಿಸಿದರೆ ಬಾಯ್ಲರ್ ಕೊಳವೆಗಳು ಬೇಗ ಸವೆಯುತ್ತವೆ. ರಾಯಚೂರಿನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಆ ವಯಸ್ಸಿನವರಿಗೆ ದಿನಾ ಬಸ್ಕಿ ಹೊಡೆಯಿರಿ ಅಂದರೆ ಏನಾಗುತ್ತದೋ ಅದೇ ಕಥೆ.

ಉಳಿದಿರುವ ದಾರಿ ಹಗಲಿನ ಕರೆಂಟನ್ನು ಕೂಡಿಡುವುದು. ಅದಕ್ಕೆ ಬ್ಯಾಟರಿ ಇದೆ, ಇಲ್ಲವೇ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಸಂಜೆ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ಇದೆ. ಬ್ಯಾಟರಿ ವಿಷಯದಲ್ಲಿ ನಡೆದದ್ದು ಯಾರೂ ಎಣಿಸದ ಸಂಗತಿ. 2022ರ ಒಂದು ಕೇಂದ್ರ ಟೆಂಡರ್‌ನಲ್ಲಿ ಒಂದು ಮೆಗಾವ್ಯಾಟ್ ಬ್ಯಾಟರಿಗೆ ತಿಂಗಳ ಬಾಡಿಗೆ ಸುಮಾರು 10.8 ಲಕ್ಷ ರೂಪಾಯಿ ಇತ್ತು. ಎರಡೂವರೆ ವರ್ಷದೊಳಗೆ, ಸರ್ಕಾರದ ನೆರವೂ ಸೇರಿ, ಅದು 2.5 ಲಕ್ಷಕ್ಕಿಂತ ಕೆಳಗೆ ಬಂತು. ಅನಿಶ್ಚಿತತೆ ಅಂದರೆ ಕೆಟ್ಟದ್ದೇ ಆಗಬೇಕೆಂದಿಲ್ಲ, ನೋಡಿ.

ಶರಾವತಿ ಪಂಪ್ಡ್ ಸ್ಟೋರೇಜ್‌ಗೆ ಯಾಕೆ ಅಷ್ಟು ವಿರೋಧ?

ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್ ಯೋಜನೆ ಅದು. ಅಣೆಕಟ್ಟುಗಳು ಈಗಾಗಲೇ ಇವೆ, ಮಧ್ಯೆ ಸುರಂಗ ಮತ್ತು ನೆಲದಡಿಯ ವಿದ್ಯುದಾಗಾರ ಮಾಡಿದರಾಯಿತು ಅನ್ನುವುದು ಒಂದು ವಾದ. ಆದರೆ ಆ 'ಮಧ್ಯೆ' ಅನ್ನುವ ಜಾಗ ಸಿಂಗಳೀಕಗಳ ಅಭಯಾರಣ್ಯ, ಪಶ್ಚಿಮ ಘಟ್ಟದ ನಟ್ಟನಡುವಿನ ಕಾಡು. ಮರ ಬೀಳುತ್ತದೆ, ಗುಡ್ಡ ಸಡಿಲವಾಗುತ್ತದೆ ಅನ್ನುವ ಭಯ ಸ್ಥಳೀಯರದ್ದು. ಲಿಂಗನಮಕ್ಕಿಗಾಗಿ ಒಮ್ಮೆ ಊರು ಬಿಟ್ಟವರ ಮಕ್ಕಳಿಗೆ 'ನಾಡಿಗೆ ಬೆಳಕು' ಅನ್ನುವ ಮಾತು ಕೇಳಿದರೆ ಮೈ ಉರಿಯುವುದು ಸಹಜ. ಬ್ಯಾಟರಿ ಬೆಲೆ ಈ ಪಾಟಿ ಬಿದ್ದಿರುವಾಗ ಈ ಯೋಜನೆಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕು ಅನ್ನುವ ಕಡೆಗೆ ನಾನು. ಕಾಡಿಲ್ಲದ ಕಡೆ ಪಂಪ್ಡ್ ಸ್ಟೋರೇಜ್ ಬಂದರೆ ನನ್ನದೇನೂ ತಕರಾರಿಲ್ಲ.

ಮಳೆ ಕೈಕೊಟ್ಟರೆ?

2023 ನೆನಪಿದೆಯಾ? ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಮಳೆಗಾಲದಲ್ಲಿ ಸಾಮಾನ್ಯವಾಗಿ ಪಂಪ್‌ಸೆಟ್‌ಗಳು ಆಫ್ ಆಗಿರುತ್ತವೆ, ಡ್ಯಾಂ ತುಂಬುತ್ತಿರುತ್ತದೆ, ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ಆ ವರ್ಷ ಡ್ಯಾಂ ತುಂಬಲಿಲ್ಲ. ಒಣಗುವ ಬೆಳೆ ಉಳಿಸಿಕೊಳ್ಳಲು ರೈತರು ಮೋಟಾರ್ ಆನ್ ಮಾಡಿದರು. ಒಂದು ಕಡೆ ನೀರಿನ ಕರೆಂಟು ಕಡಿಮೆ, ಇನ್ನೊಂದು ಕಡೆ ಬೇಡಿಕೆ ಜಾಸ್ತಿ. ಹೊಲಕ್ಕೆ ಏಳು ಗಂಟೆ ಕೊಡುತ್ತಿದ್ದುದು ಐದಕ್ಕೆ ಇಳಿಯಿತು. ರಾಜ್ಯದ ಖಾಸಗಿ ಕಂಪನಿಗಳು ಕರೆಂಟನ್ನು ಹೊರಗೆ ಮಾರದೆ ಇಲ್ಲೇ ಕೊಡಬೇಕು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟು ತಂದರು, ದುಡ್ಡಿಗಲ್ಲ, ಆಮೇಲೆ ವಾಪಸ್ ಕೊಡುವ ಮಾತಿನ ಮೇಲೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ, ತಂತಿ ಮೇಲೆ.

ಹವಾಮಾನ ಬಿಸಿಯಾದಷ್ಟೂ ಇಂಥ ವರ್ಷಗಳು ಹೆಚ್ಚಬಹುದು. ಹವಾಮಾನ ಉಳಿಸಲು ಕಟ್ಟುವ ವ್ಯವಸ್ಥೆಯೇ ಹವಾಮಾನವನ್ನು ನಂಬಿಕೊಂಡಿದೆ. ಅದಕ್ಕೇ ಒಳ್ಳೆಯ ಮಳೆಯ ವರ್ಷ ನೋಡಿ ಹಳೆಯ ಥರ್ಮಲ್ ಘಟಕವನ್ನು ಕೆಡವುವುದು ಆತುರದ ಕೆಲಸ. ನಿಲ್ಲಿಸಿ, ಆದರೆ ಕೆಟ್ಟ ವರ್ಷಕ್ಕೆ ಎಬ್ಬಿಸುವ ಹಾಗೆ ಇಟ್ಟುಕೊಳ್ಳಿ. ಅದಕ್ಕೂ ಖರ್ಚಿದೆ, ಹೌದು.

ಸೋಲಾರ್ ಜಾಸ್ತಿ ಆದ್ರೆ ಗ್ರಿಡ್ ಕುಸಿಯುತ್ತೆ ಅಂತಾರಲ್ಲ, ನಿಜಾನಾ?

ಗ್ರಿಡ್ ಅಂದರೆ ವಿದ್ಯುತ್ ಕೇಂದ್ರಗಳನ್ನೂ ಊರುಗಳನ್ನೂ ಬೆಸೆಯುವ ತಂತಿಗಳ ಜಾಲ. ಶ್ರೀಲಂಕಾದಲ್ಲಿ ನಡೆದದ್ದು ಕೇಳಿ. 2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ ಹೊತ್ತು. ಕೊಲಂಬೊ ಬಳಿಯ ಪಾಣದುರ ಸಬ್‌ಸ್ಟೇಷನ್‌ಗೆ ಒಂದು ಕೋತಿ ನುಗ್ಗಿ ಟ್ರಾನ್ಸ್‌ಫಾರ್ಮರ್ ಮುಟ್ಟಿತು. ಇಡೀ ದ್ವೀಪಕ್ಕೆ ಕರೆಂಟು ಹೋಯಿತು! ಕೋತಿ ನಮ್ಮ ಕಡೆ ದಿನಾ ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತುತ್ತದೆ, ಒಂದು ಬೀದಿಗೆ ಕತ್ತಲಾಗುತ್ತದೆ, ಲೈನ್‌ಮ್ಯಾನ್ ಬಂದು ಫ್ಯೂಸ್ ಹಾಕುತ್ತಾನೆ. ಅಲ್ಲಿ ದೇಶವೇ ಯಾಕೆ ಆರಿತು?

ಭಾನುವಾರ ಆದ್ದರಿಂದ ಬೇಡಿಕೆ ಕಡಿಮೆ ಇತ್ತು, ಬಿಸಿಲು ಚೆನ್ನಾಗಿತ್ತು. ಸೋಲಾರ್ ಪಾಲು ಜಾಸ್ತಿಯಾಗಿ, ತಿರುಗುವ ದೊಡ್ಡ ಟರ್ಬೈನ್‌ಗಳು ಕಡಿಮೆ ಇದ್ದವು. ರಾಗಿ ಬೀಸುವ ಕಲ್ಲನ್ನು ಜೋರಾಗಿ ತಿರುಗಿಸಿ ಕೈಬಿಟ್ಟರೂ ಅದು ತಾನೇ ಅರ್ಧ ಸುತ್ತು ಹೋಗುತ್ತದೆ, ಅಲ್ವಾ? ಟರ್ಬೈನ್‌ನ ಭಾರ ಗ್ರಿಡ್‌ಗೆ ಅಂಥ ತಾಳಿಕೆ ಕೊಡುತ್ತದೆ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಒಂದೆರಡು ಸೆಕೆಂಡ್ ಸಿಗುತ್ತದೆ. ಪ್ಯಾನೆಲ್‌ನ ಕರೆಂಟನ್ನು ಬಳಕೆಗೆ ಬರುವ ಹಾಗೆ ಬದಲಿಸುವ ಸಾದಾ ಸೋಲಾರ್ ಇನ್ವರ್ಟರ್‌ನಲ್ಲಿ ಆ ಭಾರ ಇಲ್ಲ.

ಅದೇ ವರ್ಷ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದವು. ಎಲ್ಲರೂ ಸೋಲಾರ್ ಕಡೆ ಬೆರಳು ತೋರಿಸಿದರು. ತನಿಖೆ ಹೇಳಿದ್ದು ಬೇರೆ: ವೋಲ್ಟೇಜ್ ಏರಿದಾಗ ಅದನ್ನು ಹಿಡಿದು ತಗ್ಗಿಸುವ ವ್ಯವಸ್ಥೆ ಸಾಕಷ್ಟಿರಲಿಲ್ಲ. ಈಗ ಇದಕ್ಕೂ ಮದ್ದಿದೆ, ಗ್ರಿಡ್‌ಗೆ ಆಸರೆ ಕೊಡುವ ಇನ್ವರ್ಟರ್, ಬ್ಯಾಟರಿ, ಸುಮ್ನೆ ತಿರುಗುತ್ತಾ ಭಾರ ಒದಗಿಸುವ ಯಂತ್ರ. ಪ್ಯಾನೆಲ್ ಹಾಕಿದ ಮೇಲೆ ಇವನ್ನು ನೋಡೋಣ ಅಂದರೆ ತಡವಾಗುತ್ತದೆ.

ಕಲ್ಲಿದ್ದಲಿನ ಗ್ರಿಡ್ ಏನು ಮಹಾ ಗಟ್ಟಿ ಅಂದುಕೊಳ್ಳಬೇಡಿ. 2012ರ ಜುಲೈ 31ರಂದು ಉತ್ತರ, ಪೂರ್ವ ಭಾರತದಲ್ಲಿ 60 ಕೋಟಿಗೂ ಜಾಸ್ತಿ ಜನರಿಗೆ ಕರೆಂಟು ಹೋಯಿತು. ಆಗ ದೇಶದಲ್ಲಿ ಸೋಲಾರ್ ಇದ್ದದ್ದು ಲೆಕ್ಕಕ್ಕಿಲ್ಲದಷ್ಟು. ನಮ್ಮ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿತ್ತು, ಹಾಗಾಗಿ ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನ್ ಮೂಲಕ ನಾವೂ ಕೂಡಿಕೊಂಡೆವು. ಈಗ ಲಾಭವೂ ಒಟ್ಟಿಗೆ, ಪೆಟ್ಟೂ ಒಟ್ಟಿಗೆ.

ರಾಜಸ್ಥಾನದಲ್ಲಿ ಸೋಲಾರ್ ಕರೆಂಟನ್ನು ಬಿಸಾಕ್ತಿದ್ದಾರಂತೆ?

ಬಿಸಾಕುವುದು ಅಂದರೆ ಪ್ಲಾಂಟ್‌ಗೆ 'ಉತ್ಪಾದನೆ ಕಡಿಮೆ ಮಾಡಿ' ಅಂತ ಹೇಳುವುದು. ಹೌದು, 2025ರಲ್ಲಿ ಅಲ್ಲಿ ಹಾಗಾಗಿದೆ. ಪ್ಯಾನೆಲ್ ಹಾಕಲು ಒಂದೂವರೆ, ಎರಡು ವರ್ಷ ಸಾಕು. ಕರೆಂಟು ಸಾಗಿಸುವ ದೊಡ್ಡ ಲೈನ್ ಎಳೆಯಲು ಅದಕ್ಕಿಂತ ಜಾಸ್ತಿ ವರ್ಷ ಬೇಕು: ಜಮೀನು, ಅರಣ್ಯ, ಕೋರ್ಟು. ಅಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಳಿವಿನ ಅಂಚಿನಲ್ಲಿರುವ ದೊರವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ತಂತಿಗೆ ಡಿಕ್ಕಿ ಹೊಡೆದು ಸಾಯುತ್ತದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಲೈನ್‌ಗಳನ್ನು ನೆಲದಡಿ ಹಾಕಿ ಎಂದಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ನಮ್ಮ ಬಳ್ಳಾರಿಯ ಸಿರುಗುಪ್ಪದ ಬಯಲಲ್ಲೂ ಆ ಹಕ್ಕಿ ಬೆರಳೆಣಿಕೆಯಷ್ಟು ಉಳಿದಿದೆ.

ಎಲ್ಲ ಪ್ಯಾನೆಲ್ ಚೀನಾದ್ದೇ ಅಲ್ವಾ? ಅವರು ಕೈ ಎತ್ತಿದ್ರೆ?

ಪೂರ್ತಿ ಅಲ್ಲ. ಪ್ಯಾನೆಲ್ ಜೋಡಿಸುವ ಸಾಮರ್ಥ್ಯ ಭಾರತದಲ್ಲಿ 2025ರಲ್ಲಿ 100 ಗಿಗಾವ್ಯಾಟ್ ದಾಟಿತು. ಆದರೆ ಒಳಗಿನ ಸೆಲ್, ಅದಕ್ಕೂ ಹಿಂದಿನ ವೇಫರ್ (ತೆಳು ಸಿಲಿಕಾನ್ ಬಿಲ್ಲೆ), ಪಾಲಿಸಿಲಿಕಾನ್ (ಅದರ ಶುದ್ಧ ಕಚ್ಚಾವಸ್ತು) ಕಡೆಗೆ ಹೋದಷ್ಟೂ ಚೀನಾದ ಹಿಡಿತ ಬಿಗಿ. ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಜಾಸ್ತಿ ಪಾಲು ಅವರದ್ದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಲೆಕ್ಕ ಕೊಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಲೋಹಗಳ ಮತ್ತು ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಬೇಕು ಎಂದಾಗ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಯಾರಕರು ಪರದಾಡಿದರು.

ಒಂದು ಸಮಾಧಾನ ಇದೆ. ಪೆಟ್ರೋಲು ನಿಂತರೆ ಗಾಡಿ ಮಾರನೇ ವಾರವೇ ನಿಲ್ಲುತ್ತದೆ. ಪ್ಯಾನೆಲ್ ಆಮದು ನಿಂತರೆ ಹೊಸದು ಹಾಕುವುದು ನಿಲ್ಲುತ್ತದೆ, ಹಾಕಿರುವುದು ಇಪ್ಪತ್ತೈದು ವರ್ಷ ಬಿಸಿಲು ಕುಡಿಯುತ್ತಲೇ ಇರುತ್ತದೆ.

ಬ್ಯಾಟರಿಗೆ ಬೇಕಾದ ಲಿಥಿಯಂ ಮಂಡ್ಯದಲ್ಲೇ ಸಿಕ್ಕಿದೆಯಲ್ಲ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಮಾರ್ಲಗಲ್ಲ ಪ್ರದೇಶದಲ್ಲಿ ಮೊದಲು 14,100 ಟನ್ ಎಂದರು, ಆಮೇಲೆ ಅದು 1,600 ಟನ್‌ಗೆ ಇಳಿಯಿತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರಿನ ಅಂದಾಜು 2023ರಲ್ಲಿ ಬಂತು, ಹರಾಜಿಗೆ ಸಾಕಷ್ಟು ಜನ ಬರಲಿಲ್ಲ.

ಪಾವಗಡದವರಿಗೆ ನಿಜವಾಗಿ ಲಾಭ ಆಯ್ತಾ?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ದೊಡ್ಡ ನೆಮ್ಮದಿ. ದೇಶದ ಬೇರೆ ಕಡೆಗೂ ಇದು ಒಳ್ಳೆಯ ಮಾದರಿ.

ಆದರೆ ಜಮೀನೇ ಇಲ್ಲದವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ಇನ್ನು ಶೇ 5 ಏರಿಕೆ ಎರಡು ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೆ ಎರಡೂವರೆ. ಬೆಲೆ ಏರಿಕೆಯ ಓಟ ಅದಕ್ಕಿಂತ ಜೋರು. ಇಪ್ಪತ್ತು ವರ್ಷ ಕಳೆದ ಮೇಲೆ ಆ ಬಾಡಿಗೆಗೆ ಏನು ಬರುತ್ತದೆ ಅಂತ ಇವತ್ತೇ ಲೆಕ್ಕ ಹಾಕಿದರೆ ಒಳ್ಳೆಯದು.

ಕಲ್ಲಿದ್ದಲು ನಂಬಿಕೊಂಡವರ ಗತಿ ಏನು?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೂ ಒಂದು ಗಣಿ ಊರು ಹೇಗೆ ಮುಚ್ಚುತ್ತದೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರ ಚಿನ್ನದ ಗಣಿಗೆ, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂಥ ಊರಿನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಇವತ್ತಿಗೂ ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ನೋಡಿ. ತಿಂಡಿ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಾ ಬೆಂಗಳೂರಿಗೆ ಕೆಲಸಕ್ಕೆ ಬರುವವರೇ ಬೋಗಿ ತುಂಬ. ಊರು ಹಾಗೇ ಇದೆ, ಕೆಲಸ ಮಾತ್ರ ನೂರು ಕಿಲೋಮೀಟರ್ ದೂರ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬಗಳೂ ಹಾಗೇ ಇವೆ.

ಕಲ್ಲಿದ್ದಲು ಗಣಿಯ ಊರುಗಳಾದ ಧನಬಾದ್, ಕೊರ್ಬಾ, ತಾಲ್ಚೇರ್‌ಗಳಿಗೆ ಇದೇ ದಿನ ಬರಬಹುದು, ಇನ್ನೂ ದೊಡ್ಡ ಅಳತೆಯಲ್ಲಿ. ಅಲ್ಲಿ ಪರ್ಮನೆಂಟ್ ನೌಕರರಿಗಾದರೂ ಪಿಂಚಣಿ ಇದೆ. ಗುತ್ತಿಗೆ ಕಾರ್ಮಿಕರು, ಲಾರಿ ಡ್ರೈವರ್‌ಗಳು, ಸೈಕಲ್ ಮೇಲೆ ಕಲ್ಲಿದ್ದಲು ಹೇರಿಕೊಂಡು ಮಾರುವವರು ಯಾವ ಪಟ್ಟಿಯಲ್ಲೂ ಇಲ್ಲ. ರೈಲ್ವೆ ಸಾಗಿಸುವ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಕಲ್ಲಿದ್ದಲು. ಆ ಆದಾಯದಿಂದಲೇ ನಮ್ಮ ಪ್ಯಾಸೆಂಜರ್ ಟಿಕೆಟ್ ಅಗ್ಗ. ಕಲ್ಲಿದ್ದಲು ಇಳಿದರೆ ಟಿಕೆಟ್ ದರದ ಲೆಕ್ಕವೂ ಅಲುಗಾಡುತ್ತದೆ. ಈ ಕೊಂಡಿಯನ್ನು ನೆನಪಿಡುವವರು ಕಡಿಮೆ.

ದಕ್ಷಿಣ ಆಫ್ರಿಕಾ 2022ರ ಅಕ್ಟೋಬರಿನಲ್ಲಿ ಕೊಮಾಟಿ ಥರ್ಮಲ್ ಕೇಂದ್ರ ಮುಚ್ಚಿತು. ಕಲ್ಲಿದ್ದಲು ಬಿಡಲು ಆ ದೇಶಕ್ಕೆ ಶ್ರೀಮಂತ ದೇಶಗಳು 850 ಕೋಟಿ ಡಾಲರ್ ನೆರವಿನ ಮಾತು ಕೊಟ್ಟಿದ್ದವು, ಅದರಲ್ಲಿ ಹೆಚ್ಚಿನದು ಸಾಲ. ಬದಲಿ ಕೆಲಸ ಸಿದ್ಧವಾಗುವ ಮೊದಲೇ ಬಾಗಿಲು ಹಾಕಿದರು ಅನ್ನುವ ಸಿಟ್ಟು ಅಲ್ಲಿನವರಲ್ಲಿ ಇನ್ನೂ ಇದೆ. ಮತ್ತದೇ ಹಿಂದುಮುಂದು.

ಸರ್ಕಾರ ಬದಲಾದ್ರೆ ಒಪ್ಪಂದಗಳ ಕಥೆ?

ಆಂಧ್ರ ನೋಡಿ. 2019ರಲ್ಲಿ ಬಂದ ಹೊಸ ಸರ್ಕಾರ ಹಳೆಯ ಗಾಳಿ, ಸೋಲಾರ್ ಒಪ್ಪಂದಗಳ ದರ ಜಾಸ್ತಿಯಾಯಿತು, ಇಳಿಸಿ ಎಂದಿತು. ಹೈಕೋರ್ಟ್ 2022ರಲ್ಲಿ ಒಪ್ಪಂದದ ದರವನ್ನೇ ಕೊಡಿ ಎಂದು ತೀರ್ಪು ಕೊಟ್ಟಿತು. ಆ ಮೂರು ವರ್ಷ ಹಣ ಸಿಗದೆ ಒದ್ದಾಡಿದವರು ಮುಂದಿನ ಟೆಂಡರ್‌ನಲ್ಲಿ ಆ ಭಯಕ್ಕೂ ಬೆಲೆ ಕಟ್ಟುತ್ತಾರೆ. ಸೋಲಾರ್‌ನಲ್ಲಿ ಖರ್ಚೆಲ್ಲ ಮೊದಲೇ ಆಗುವುದರಿಂದ ಸಾಲದ ಬಡ್ಡಿ ಒಂದು ಪಾಯಿಂಟ್ ಏರಿದರೂ ಯೂನಿಟ್ ದರಕ್ಕೆ ಬಡಿಯುತ್ತದೆ.

ಅಣುವಿದ್ಯುತ್, ಹೈಡ್ರೋಜನ್?

ಕೈಗಾದ ಮೊದಲ ಘಟಕ 962 ದಿನ ಒಂದೇ ಸಮ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಹಗಲು ರಾತ್ರಿ ಕೊಡುವ ಕರೆಂಟು, ಇಂಗಾಲ ಇಲ್ಲ. ತೊಂದರೆ ಸಮಯದ್ದು. 2047ಕ್ಕೆ 100 ಗಿಗಾವ್ಯಾಟ್ ಅನ್ನುತ್ತಾರೆ, ಅರ್ಧ ಶತಮಾನಕ್ಕೂ ಹೆಚ್ಚಿನ ದುಡಿಮೆಯ ನಂತರವೂ ನಾವಿರುವುದು 9ರ ಆಸುಪಾಸು. ಸೋಲಾರ್, ಗಾಳಿ ಕರೆಂಟಿನಿಂದ ನೀರನ್ನು ಒಡೆದು ಮಾಡುವ ಹಸಿರು ಹೈಡ್ರೋಜನ್ ಉಕ್ಕು, ಗೊಬ್ಬರಕ್ಕೆ ಬೇಕೇ ಬೇಕು. ಆದರೆ ಇನ್ನೂ ದುಬಾರಿ, ಕೊಳ್ಳುವವರು ಕಡಿಮೆ.

ಇಷ್ಟೆಲ್ಲ ತಾಪತ್ರಯ ಇದ್ರೆ ನಿಧಾನಕ್ಕೆ ಮಾಡಿದ್ರಾಗಲ್ವಾ?

ನಿಂತಲ್ಲೇ ನಿಲ್ಲುವುದಕ್ಕೂ ಅಪಾಯವಿದೆ. ಯುರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ ಮೇಲೆ 2026ರ ಜನವರಿಯಿಂದ ಇಂಗಾಲದ ಸುಂಕ ಲೆಕ್ಕಕ್ಕೆ ಬಂದಿದೆ. ನಮ್ಮ ತೋರಣಗಲ್ಲಿನಂಥ ಉಕ್ಕಿನ ಊರುಗಳಿಗೆ ಇದು ನೇರ ಸಂಗತಿ. ಪೆಟ್ರೋಲಿಯಂ ಕಚ್ಚಾತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿನದು, ಎಲ್ಲೋ ಯುದ್ಧವಾದರೆ ಇಲ್ಲಿ ಬೆಲೆ ಏರುತ್ತದೆ. ರಷ್ಯಾದ ಗ್ಯಾಸ್ ನಂಬಿಕೊಂಡ ಜರ್ಮನಿ 2022ರಲ್ಲಿ ಮುಚ್ಚಲಿದ್ದ ಕಲ್ಲಿದ್ದಲು ಘಟಕಗಳನ್ನು ಮತ್ತೆ ಹೊತ್ತಿಸಿತು. ಬ್ರಿಟನ್ ಮಾತ್ರ ಬದಲಿ ಮೂಲಗಳನ್ನು ಕಟ್ಟಿಕೊಳ್ಳುತ್ತಾ ಒಂದೊಂದೇ ಘಟಕ ನಿಲ್ಲಿಸಿ, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಕೇಂದ್ರಕ್ಕೆ ಬೀಗ ಹಾಕಿತು.

ನನ್ನ ಬಿಲ್ ಏರುತ್ತಾ, ಇಳಿಯುತ್ತಾ?

2020ರಲ್ಲಿ ಗುಜರಾತಿನ ಟೆಂಡರ್‌ನಲ್ಲಿ ಸೋಲಾರ್ ದರ ಯೂನಿಟ್‌ಗೆ 1.99 ರೂಪಾಯಿಗೆ ಇಳಿದಾಗ ಎಲ್ಲರೂ ಬಿಲ್ ಅರ್ಧ ಆಗುತ್ತದೆ ಅಂದುಕೊಂಡರು. ಅದು ಮಧ್ಯಾಹ್ನದ ಕರೆಂಟಿನ ಬೆಲೆ. ರಾತ್ರಿ ಎಂಟಕ್ಕೆ ಬೇಕು ಅಂದರೆ ಬ್ಯಾಟರಿ, ಲೈನ್, ಕಾದು ಕೂತಿರುವ ಥರ್ಮಲ್ ಘಟಕದ ನಿಗದಿತ ಖರ್ಚು ಎಲ್ಲ ಸೇರುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿರುವವರಿಗೆ ಸದ್ಯ ಇದು ಕಾಣುವುದಿಲ್ಲ, ಸರ್ಕಾರ ಕಟ್ಟುತ್ತದೆ. ಮುಂದೆ ಹಗಲಿಗೊಂದು, ಸಂಜೆಗೊಂದು ದರ ಮನೆಗಳಿಗೂ ಬರುವ ಸಾಧ್ಯತೆ ಜಾಸ್ತಿ. ಬಂದಾಗ ಮಿಕ್ಸಿ, ವಾಷಿಂಗ್ ಮಷಿನ್, ಗೀಸರ್‌ಗಳ ಹೊತ್ತು ಬದಲಿಸಿಕೊಂಡವರು ಗೆದ್ದರು.

ನಾನೂ ಮನೆ ಮೇಲೆ ಹಾಕಿಸಲಾ?

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ತಾರಸಿಗೆ ನೆರಳು ಬೀಳದಿದ್ದರೆ, ತಿಂಗಳಿಗೆ 200 ಯೂನಿಟ್‌ಗಿಂತ ಜಾಸ್ತಿ ಬಳಸುವವರಾದರೆ ಹಾಕಿಸಿ. ನಮ್ಮಲ್ಲಿ ಪ್ಯಾನೆಲ್ ಎರಡು ದಿನದಲ್ಲಿ ಕೂತಿತು. ನೆಟ್ ಮೀಟರ್‌ಗೆ, ಅಂದರೆ ನಾವು ಗ್ರಿಡ್‌ಗೆ ಕೊಟ್ಟದ್ದನ್ನೂ ಅಲ್ಲಿಂದ ಪಡೆದದ್ದನ್ನೂ ಎಣಿಸುವ ಮೀಟರ್‌ಗೆ, ಮೂರು ತಿಂಗಳು ಅಲೆದೆ. ಅಲ್ಲಿಯವರೆಗೆ ಪ್ಯಾನೆಲ್‌ಗಳು ಬಿಸಿಲಲ್ಲಿ ಸುಮ್ನೆ ಕಾದವು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಗಲು ಹನ್ನೆರಡಕ್ಕೆ, ನೆತ್ತಿ ಸುಡುವ ಬಿಸಿಲಲ್ಲಿ ಕರೆಂಟು ಹೋದರೆ ನಿಮ್ಮ ಸೋಲಾರ್ ಕೂಡ ನಿಲ್ಲುತ್ತದೆ. ಮೊದಲ ಸಲ ಹಾಗಾದಾಗ ನಮ್ಮಮ್ಮ 'ಇಷ್ಟು ದುಡ್ಡು ಸುರಿದು ಇದೇನಾ' ಅಂತ ಮುಖ ನೋಡಿದರು. ಅದು ಕೆಟ್ಟಿದ್ದಲ್ಲ. ಕಂಬದ ಮೇಲೆ ಹತ್ತಿ ತಂತಿ ಮುಟ್ಟುತ್ತಿರುವ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯದಿರಲಿ ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಕರೆಂಟು ಹೋದಾಗಲೂ ಫ್ಯಾನ್ ತಿರುಗಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಅದನ್ನು ಆರ್ಡರ್ ಕೊಡುವ ಮೊದಲೇ ಕೇಳಿ, ಆಮೇಲೆ ಅಲ್ಲ.